ಪತ್ರ ಬರೆಯುವ ಕಚೇರಿಗೆ ಹೊಸ ಕಂಪ್ಯೂಟರ್: ಮೊದಲು ಯಾವ ತಂತ್ರಾಂಶಗಳನ್ನು ಹಾಕಿಕೊಳ್ಳಬೇಕು?

ತೊಗರಿನಾಡಿನ ಪತ್ರ ಬರಹಗಾರ, ಕಲಬುರಗಿ

ಎಲ್ಲರಿಗೂ ಶರಣು ಶರಣಾರ್ಥಿ. ಕಲಬುರಗಿಯಲ್ಲಿ ನನ್ನದೊಂದು ಸಣ್ಣ ಕಚೇರಿ ಇದೆ. ಖರೀದಿ ಪತ್ರ, ಬಾಡಿಗೆ ಕರಾರು, ವಾಟ್ನಿ (ಆಸ್ತಿ ಹಂಚಿಕೆಯ) ಪತ್ರ, ಅಫಿಡವಿಟ್, ವಕೀಲರು ಹೇಳಿ ಬರೆಸುವ ಅರ್ಜಿಗಳು, ಒಂದೆರಡು ದಾಲ್ ಮಿಲ್ಲುಗಳ ಪತ್ರವ್ಯವಹಾರ, ಇವೇ ನನ್ನ ದಿನದ ಕೆಲಸ. ಹಳೆಯ ಕಂಪ್ಯೂಟರಿನಲ್ಲಿ ವಿಂಡೋಸ್ 10 ಇತ್ತು. ಅದರ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದದ್ದರಿಂದಲೂ, ಅದರ ಪ್ರೊಸೆಸರ್ ವಿಂಡೋಸ್ 11ಕ್ಕೆ ಒಗ್ಗದ್ದರಿಂದಲೂ ಹೊಸದನ್ನು ಕೊಂಡೆ. 8 ಜಿಬಿ ರ‍್ಯಾಮ್, 512 ಜಿಬಿ ಎಸ್‌ಎಸ್‌ಡಿ ಇದೆ. ವಿಂಡೋಸ್ 11 ಪರವಾನಗಿಯೊಂದಿಗೇ ಬಂದಿದೆ.

ಕೊಂಡ ಅಂಗಡಿಯಲ್ಲಿ, ಸ್ವಲ್ಪ ಹಣ ಹೆಚ್ಚು ಕೊಟ್ಟರೆ ಬೇಕಾದ ತಂತ್ರಾಂಶವನ್ನೆಲ್ಲ ತುಂಬಿಕೊಡುವುದಾಗಿ ಹೇಳಿದರು. ಪರವಾನಗಿ ಇದೆಯೇ ಎಂದು ಕೇಳಿದಾಗ ಸರಿಯಾದ ಉತ್ತರ ಬರಲಿಲ್ಲ, ಆದ್ದರಿಂದ ಬೇಡವೆಂದು ಯಂತ್ರವನ್ನು ಹಾಗೆಯೇ ಮನೆಗೆ ತಂದೆ. ಜನರ ಹೊಲ, ಮನೆ, ಆಧಾರ್, ಸಹಿಗಳ ವಿಷಯ ಈ ಯಂತ್ರದೊಳಗೆ ಇರಲಿದೆ. ಏನು ಹಾಕಬೇಕು, ಏನು ಹಾಕಬಾರದು ಎಂಬುದನ್ನು ಈ ಸಲ ಮೊದಲ ದಿನದಿಂದಲೇ ಸರಿಯಾಗಿ ಮಾಡಬೇಕೆಂದಿದ್ದೇನೆ. ಇದೇ ಬಗೆಯ ಕೆಲಸ ಮಾಡುವ ಅಣ್ಣ ಅಕ್ಕಂದಿರು ದಯವಿಟ್ಟು ತಿಳಿಸಬೇಕು.

ಯಂತ್ರ ದುರಸ್ತಿ, ಯಾದಗಿರಿ

ಅಣ್ಣಾವರೇ, ಬೇಡವೆಂದು ಬಂದದ್ದು ಒಳ್ಳೆಯದೇ ಆಯಿತು. ದುರಸ್ತಿಗೆ ನನ್ನ ಮೇಜಿಗೆ ಬರುವ ಯಂತ್ರಗಳಲ್ಲಿ ಕಳ್ಳ ಪರವಾನಗಿಯ ತಂತ್ರಾಂಶ ಇದ್ದರೆ ಅದರ ಜೊತೆಗೆ, ಪರವಾನಗಿ ಇದೆಯೆಂದು ನಂಬಿಸಲು ಬಂದ 'ಆ್ಯಕ್ಟಿವೇಟರ್' ಒಂದು ಇದ್ದೇ ಇರುತ್ತದೆ, ಮತ್ತು ಅದು ಕೆಲಸ ಮಾಡಬೇಕಾದರೆ ವಿಂಡೋಸಿನ ರಕ್ಷಣೆಯನ್ನು ಮೊದಲು ಆರಿಸಬೇಕಾಗುತ್ತದೆ. ಬಾಗಿಲ ಅಗಳಿ ತೆಗೆದಿಟ್ಟು ಮನೆಗೆ ಸಾಮಾನು ತುಂಬಿದ ಹಾಗೆ ಅದು.

ತಂತ್ರಾಂಶ ಹಾಕುವ ಮೊದಲು ಮೂರು ಕೆಲಸ ಮುಗಿಸಿರಿ. ವಿಂಡೋಸ್ ಅಪ್‌ಡೇಟ್ ಅನ್ನು ಇನ್ನೇನೂ ಉಳಿದಿಲ್ಲ ಎನ್ನುವವರೆಗೆ ಓಡಿಸಿರಿ, ಒಂದೆರಡು ಸಲ ಯಂತ್ರ ಆರಿಸಿ ಹಚ್ಚಬೇಕಾಗಬಹುದು. ಎರಡನೆಯದಾಗಿ, ಅಡ್ಮಿನಿಸ್ಟ್ರೇಟರ್ ಖಾತೆಯನ್ನು ಬೇರೆಯೇ ಇಟ್ಟು, ದಿನದ ಕೆಲಸಕ್ಕೆ ಸಾಮಾನ್ಯ ಖಾತೆಯೊಂದನ್ನು ಮಾಡಿಕೊಳ್ಳಿರಿ. ಸಹಾಯಕರಾಗಲಿ ಮಕ್ಕಳಾಗಲಿ ಏನನ್ನಾದರೂ ಒತ್ತಿದರೂ ಪಾಸ್‌ವರ್ಡ್ ಇಲ್ಲದೆ ಹೊಸ ತಂತ್ರಾಂಶ ಇಡೀ ಯಂತ್ರದೊಳಗೆ ಇಳಿಯುವುದಿಲ್ಲ. ಮೂರನೆಯದನ್ನು ಹೆಚ್ಚಿನವರು ಮರೆಯುತ್ತಾರೆ. ಈಗಿನ ವಿಂಡೋಸ್ 11 ಯಂತ್ರಗಳಲ್ಲಿ ಡಿಸ್ಕ್ ತಾನಾಗಿಯೇ ಗೂಢಲಿಪಿಗೆ ಹೋಗಿರುವುದುಂಟು. ಮುಂದೆ ಮದರ್‌ಬೋರ್ಡ್ ಬದಲಿಸಬೇಕಾಗಿ ಬಂದರೆ ಅದು 48 ಅಂಕಿಗಳ ರಿಕವರಿ ಕೀ ಕೇಳುತ್ತದೆ, ಅದಿಲ್ಲದಿದ್ದರೆ ಯಾವ ದುರಸ್ತಿಗಾರನೂ ನಿಮ್ಮ ಕಡತ ತೆಗೆದುಕೊಡಲಾರ. ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಆ ಕೀ ಇದೆಯೇ ಎಂದು ನೋಡಿ, ಕಾಗದಕ್ಕೆ ಮುದ್ರಿಸಿ, ಮನೆಯ ಕಪಾಟಿನಲ್ಲಿ ಇಡಿರಿ.

ಆ್ಯಂಟಿವೈರಸ್ ಬೇರೆ ಕೊಳ್ಳುವುದು ಬೇಡ. ವಿಂಡೋಸಿನೊಳಗಿನ ಡಿಫೆಂಡರ್ ಆನ್ ಇರಲಿ, ಸಾಕು.

ಮುದ್ರಣ ಮನೆ, ಕಲಬುರಗಿ

ಯಾವ ತಂತ್ರಾಂಶ ಎಂಬ ಪ್ರಶ್ನೆಗೆ ಉತ್ತರಿಸುವ ಮೊದಲು ನಾನೊಂದು ಪ್ರಶ್ನೆ ಕೇಳಬೇಕು. ಹಳೆಯ ಯಂತ್ರದಲ್ಲಿರುವ ನಿಮ್ಮ ಕನ್ನಡ ಕಡತಗಳು ಆಸ್ಕಿಯಲ್ಲಿವೆಯೋ, ಯೂನಿಕೋಡ್‌ನಲ್ಲಿವೆಯೋ? ಪತ್ರ ಬರೆಯುವವರಿಗೆ ಉಳಿದ ಆಯ್ಕೆಗಳೆಲ್ಲ ಇದರ ಮೇಲೆ ನಿಂತಿವೆ ಎಂಬುದು ಅಕ್ಷರ ಜೋಡಿಸುತ್ತಲೇ ಬದುಕು ಕಳೆದ ನನ್ನ ಖಚಿತ ಅಭಿಪ್ರಾಯ.

ತಿಳಿಯದವರಿಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ನುಡಿ, ಬರಹ ಎಂಬ ಕನ್ನಡ ಬೆರಳಚ್ಚಿನ ತಂತ್ರಾಂಶಗಳಲ್ಲಿ ಆಸ್ಕಿ ಫಾಂಟ್ ಬಳಸಿ ಬೆರಳಚ್ಚಿಸಿದಾಗ ಕಡತದೊಳಗೆ ಕನ್ನಡ ಇರುವುದೇ ಇಲ್ಲ. ಅಲ್ಲಿರುವುದು ಇಂಗ್ಲಿಷ್ ಮತ್ತು ಯುರೋಪಿನ ಕೆಲವು ಅಕ್ಷರಗಳ ಸಂಕೇತಗಳು. ಆ ಸಂಕೇತಗಳ ಜಾಗದಲ್ಲಿ ಕನ್ನಡ ಅಕ್ಷರದ ತುಂಡುಗಳನ್ನು, ತಲೆಕಟ್ಟು, ಕೊಂಬು, ಒತ್ತುಗಳನ್ನು, ಫಾಂಟ್ ಚಿತ್ರವಾಗಿ ತೋರಿಸುತ್ತದೆ. ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ತಲೆ ಮೇಲೆ ಗೆರೆ, ಚುಕ್ಕೆ ಹೊತ್ತ ಇಂಗ್ಲಿಷ್ ಅಕ್ಷರಗಳ ಗುಡ್ಡೆ ಕಾಣುವುದು ಈ ಕಾರಣದಿಂದ. ಅಂಥ ಕಡತದಲ್ಲಿ 'ಅಫಜಲಪುರ' ಎಂದು ಕನ್ನಡದಲ್ಲಿ ಹುಡುಕಿದರೆ ಸಿಗುವುದಿಲ್ಲ, ಹೆಸರುಗಳ ಪಟ್ಟಿಯನ್ನು ಅಕಾರಾದಿಯಾಗಿ ಜೋಡಿಸಲು ಹೇಳಿದರೆ ತಪ್ಪಾಗಿ ಜೋಡಿಸುತ್ತದೆ, ಸರ್ಕಾರಿ ಜಾಲತಾಣದ ಚೌಕದೊಳಗೆ ಅಂಟಿಸಿದರೆ ಅಕ್ಷರ ಕೆಡುತ್ತದೆ. ಯೂನಿಕೋಡ್‌ನಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೂ ತನ್ನದೇ ಸಂಕೇತವಿದೆ, ಅದು ಮೊಬೈಲಿನಲ್ಲೂ, ದೆಹಲಿಯ ಕಚೇರಿಯಲ್ಲೂ ಅದೇ ಅಕ್ಷರವಾಗಿಯೇ ಉಳಿಯುತ್ತದೆ.

ಹೀಗಾಗಿ ಹೊಸ ಯಂತ್ರದಲ್ಲಿ ಬರೆಯುವ ಮೊದಲ ಸಾಲಿನಿಂದಲೇ ಯೂನಿಕೋಡ್ ಇರಲಿ ಎಂಬುದು ನನ್ನ ಆಗ್ರಹ. ಕೈ ಯಾವ ಕೀಲಿಮಣೆಗೆ ಒಗ್ಗಿದೆಯೋ ಅದನ್ನು ಬಿಡಬೇಕಾಗಿಲ್ಲ. ಕೆ.ಪಿ. ರಾವ್ ಅವರ ವಿನ್ಯಾಸವನ್ನು ಆಧರಿಸಿದ, ಒತ್ತಕ್ಷರಕ್ಕೆ 'ಎಫ್' ಕೀಲಿ ಒತ್ತುವ ಕೀಲಿಮಣೆ ನಿಮ್ಮದಾಗಿದ್ದರೆ ನುಡಿಯನ್ನೇ ಹಾಕಿ, ಅದರಲ್ಲಿ ಯೂನಿಕೋಡ್ ಆಯ್ಕೆಯನ್ನು ಆರಿಸಿರಿ. ಇನ್‌ಸ್ಕ್ರಿಪ್ಟ್ ಎಂಬ ಭಾರತೀಯ ಭಾಷೆಗಳ ಕೀಲಿಮಣೆಯನ್ನು ಕಲಿತವರಿಗೆ ಏನನ್ನೂ ಹಾಕುವುದು ಬೇಡ, ಅದು ವಿಂಡೋಸಿನೊಳಗೇ ಇದೆ. ಇಂಗ್ಲಿಷ್ ಉಚ್ಚಾರದಂತೆ ಬರೆಯುವವರಿಗೆ 2019ರ ಮೇ ತಿಂಗಳ ಅಪ್‌ಡೇಟ್‌ನಿಂದ ಕನ್ನಡ ಫೊನೆಟಿಕ್ ಕೀಲಿಮಣೆಯನ್ನೂ ವಿಂಡೋಸ್ ಕೊಡುತ್ತಿದೆ. ಫಾಂಟ್‌ಗಳಲ್ಲಿ ನಿರ್ಮಲಾ ಯುಐ ಇದ್ದೇ ಇರುತ್ತದೆ. ಪತ್ರಗಳಿಗೆ ನೋಟೋ ಸೆರಿಫ್ ಕನ್ನಡವನ್ನು ಇಳಿಸಿಕೊಂಡರೆ ಸಾಲು ಓದಲು ಹಿತವಾಗಿರುತ್ತದೆ.

ಲೆಕ್ಕಪತ್ರ, ಬೀದರ್

ಮುದ್ರಣ ಮನೆಯವರ ಮಾತು ನಮ್ಮ ಲೆಕ್ಕದ ಕೆಲಸಕ್ಕೂ ಅನ್ವಯಿಸುತ್ತದೆ. ನಾನು ಹೇಳುವುದು ಸಹಿಯ ಬಗ್ಗೆ. ದಾಲ್ ಮಿಲ್ಲಿನವರ ಕೆಲಸವನ್ನೂ ಮಾಡುತ್ತೀರಿ ಎಂದದ್ದರಿಂದ ಒಂದಲ್ಲ ಒಂದು ದಿನ ಡಿಜಿಟಲ್ ಸಹಿಯನ್ನು ಇಟ್ಟಿರುವ ಟೋಕನ್ ಎಂಬ ಸಣ್ಣ ಸಾಧನ ನಿಮ್ಮ ಯಂತ್ರಕ್ಕೆ ಬರುತ್ತದೆ. ಪೆನ್ ಡ್ರೈವ್‌ನಂತೆ ಕಂಡರೂ ಪ್ರತಿ ತಯಾರಕರ ಟೋಕನ್‌ಗೂ ಅದರದೇ ಡ್ರೈವರ್ ಬೇಕು. ಜಿಎಸ್‌ಟಿ ಪೋರ್ಟಲ್‌ನಲ್ಲಿ ಸಹಿ ಹಾಕಲು ಎಮ್‌ಸೈನರ್ ಎಂಬ ಸಣ್ಣ ತಂತ್ರಾಂಶವೂ ಬೇಕು. ಇವೆರಡನ್ನೂ ಆಯಾ ಅಧಿಕೃತ ತಾಣದಿಂದಲೇ ಇಳಿಸಿಕೊಳ್ಳಿರಿ, ಹುಡುಕಾಟದಲ್ಲಿ ಮೇಲೆ ಬಂದ ಜಾಹೀರಾತನ್ನು ಒತ್ತಬೇಡಿರಿ. ಪಿನ್ ಅನ್ನು ತಪ್ಪಾಗಿ ಹಲವು ಸಲ ಒತ್ತಿದರೆ ಟೋಕನ್ ಬೀಗ ಹಾಕಿಕೊಳ್ಳುತ್ತದೆ, ಆಗ ರಿಟರ್ನ್ ಸಲ್ಲಿಸುವ ಕೊನೆಯ ದಿನವೇ ಸಹಿ ನಿಲ್ಲುವ ಪ್ರಸಂಗ ಬರಬಹುದು.

ಲೆಕ್ಕ ಬರೆಯುವ ತಂತ್ರಾಂಶವಾದ ಟ್ಯಾಲಿ ಬೇಕೇ ಎಂಬುದನ್ನು ಈಗಲೇ ತೀರ್ಮಾನಿಸಬೇಡಿರಿ. ಗ್ರಾಹಕರ ಲೆಕ್ಕವನ್ನು ನೀವೇ ಬರೆಯುವುದಾದರೆ ಪರವಾನಗಿ ಕೊಂಡು ಹಾಕಿರಿ, ಬರೀ ಪತ್ರ ಮಾಡಿಕೊಡುವುದಾದರೆ ಅವರ ಮುನೀಮರು ಕಳಿಸುವ ಪಿಡಿಎಫ್ ಸಾಕು.

ಪಾಸ್‌ವರ್ಡ್‌ಗಳ ವಿಷಯದಲ್ಲಿ ನಾನು ಬಹಳ ಕಟ್ಟುನಿಟ್ಟಾಗಿದ್ದೇನೆ. ಗ್ರಾಹಕರ ಪೋರ್ಟಲ್ ಪಾಸ್‌ವರ್ಡ್‌ಗಳನ್ನು ಎಕ್ಸೆಲ್ ಹಾಳೆಯಲ್ಲಿ ಬರೆದಿಡುವ ರೂಢಿ ನಮ್ಮ ಕಚೇರಿಯಲ್ಲೂ ಇತ್ತು, ಆ ಹಾಳೆ ಒಮ್ಮೆ ತಪ್ಪಿ ಬೇರೊಬ್ಬ ಗ್ರಾಹಕರಿಗೆ ಇಮೇಲ್ ಆಗಿ ಹೋಯಿತು. ಅಂದು ರಾತ್ರಿಯೆಲ್ಲ ಕುಳಿತು ಪ್ರತಿಯೊಬ್ಬರ ಪಾಸ್‌ವರ್ಡ್ ಬದಲಿಸಿದೆವು. ಈಗ ಕೀಪಾಸ್‌ಎಕ್ಸ್‌ಸಿ ಬಳಸುತ್ತೇವೆ. ಅದು ಉಚಿತ, ಅಂತರಜಾಲಕ್ಕೆ ಏನನ್ನೂ ಕಳಿಸುವುದಿಲ್ಲ, ಎಲ್ಲ ಪಾಸ್‌ವರ್ಡ್‌ಗಳೂ ಗೂಢಲಿಪಿಯ ಒಂದೇ ಕಡತದಲ್ಲಿ ಇರುತ್ತವೆ. ಮುಖ್ಯ ಪಾಸ್‌ವರ್ಡ್ ಮರೆತರೆ ಮಾತ್ರ ತೆರೆಯುವ ದಾರಿಯೇ ಇಲ್ಲ.

ತೊಗರಿನಾಡಿನ ಪತ್ರ ಬರಹಗಾರ, ಕಲಬುರಗಿ

ಮುದ್ರಣ ಮನೆಯವರೇ, ಹಳೆಯ ಡಿಸ್ಕನ್ನು ತೆರೆದು ನೋಡಿದೆ. ಹನ್ನೊಂದು ವರ್ಷಗಳ ಕಡತಗಳೆಲ್ಲ ಆಸ್ಕಿಯಲ್ಲಿಯೇ ಇವೆ. ಇದುವರೆಗೆ ನಾನು ಹೊಸ ಯಂತ್ರಕ್ಕೆ ಫಾಂಟ್ ನಕಲು ಮಾಡಿಕೊಂಡರೆ ಸಾಕೆಂದೇ ತಿಳಿದಿದ್ದೆ. ಯೂನಿಕೋಡಿಗೆ ಬದಲಾಗುವುದೆಂದು ತೀರ್ಮಾನಿಸಿದ್ದೇನೆ, ಆದರೆ ಇಷ್ಟನ್ನೂ ಪರಿವರ್ತಿಸುವುದು ಹೇಗೆ?

ಲೆಕ್ಕಪತ್ರದ ಅಕ್ಕಾವರೇ, ಪಾಸ್‌ವರ್ಡ್ ಹಾಳೆ ನನ್ನ ಬಳಿಯೂ ಇದೆ. ಇಂದೇ ಕೀಪಾಸ್‌ಎಕ್ಸ್‌ಸಿ ಹಾಕುತ್ತೇನೆ.

ಇನ್ನೊಂದು ಪ್ರಶ್ನೆ. ಎಂಎಸ್ ಆಫೀಸ್ ಕೊಳ್ಳಬೇಕೋ, ಲಿಬ್ರೆ ಆಫೀಸ್ ಸಾಕೋ?

ಶಹಾಪುರದ ಮಾಸ್ತರ, ಯಾದಗಿರಿ ಜಿಲ್ಲೆ

ಲಿಬ್ರೆ ಆಫೀಸ್ ಸಾಕು ಎಂದು ಅನುಭವದಿಂದ ಹೇಳುತ್ತೇನೆ. 2010ರಲ್ಲಿ ಓಪನ್ ಆಫೀಸ್‌ನಿಂದ ಕವಲೊಡೆದು ಬಂದ ಈ ತಂತ್ರಾಂಶಕ್ಕೆ ಹಣವಿಲ್ಲ, ವರ್ಷಕ್ಕೊಮ್ಮೆ ನವೀಕರಣ ಶುಲ್ಕವೂ ಇಲ್ಲ. ಶಾಲೆಯ ಪ್ರಶ್ನೆಪತ್ರಿಕೆ, ವರ್ಗಾವಣೆ ಪತ್ರ, ಅಂಕಪಟ್ಟಿ ಎಲ್ಲವನ್ನೂ ನಾನು ಇದರಲ್ಲಿಯೇ ಮಾಡುತ್ತೇನೆ.

ಕನ್ನಡಕ್ಕೆ ಒಂದು ಹೊಂದಾಣಿಕೆ ಮಾತ್ರ ಮೊದಲೇ ಆಗಬೇಕು. ಅದು ಇಂಗ್ಲಿಷ್‌ಗೆ ಒಂದು ಫಾಂಟ್, ಭಾರತೀಯ ಲಿಪಿಗಳಿಗೆ ಇನ್ನೊಂದು ಫಾಂಟ್ ಎಂದು ಬೇರೆ ಬೇರೆಯಾಗಿ ಲೆಕ್ಕ ಇಡುತ್ತದೆ. ಭಾಷೆಯ ಆಯ್ಕೆಗಳಿಗೆ ಹೋಗಿ 'ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್' ಅನ್ನು ಆನ್ ಮಾಡಿ, ಕನ್ನಡವನ್ನು ಆರಿಸಿ, ಅದಕ್ಕೆ ಬೇಕಾದ ಫಾಂಟನ್ನೂ ಅಳತೆಯನ್ನೂ ಅಲ್ಲಿಯೇ ನಿಗದಿ ಮಾಡಬೇಕು. ಇದು ತಿಳಿಯದೆ ಎಷ್ಟೋ ಜನ ಅಳತೆ 14 ಎಂದು ಕೊಟ್ಟರೂ ಕನ್ನಡ 12ರಲ್ಲೇ ನಿಂತಿದೆ ಎಂದು ಬೇಸತ್ತು ತಂತ್ರಾಂಶವನ್ನೇ ತೆಗೆದುಹಾಕಿದ್ದಾರೆ.

ಮುದ್ರಣ ಮನೆ, ಕಲಬುರಗಿ

ಮಾಸ್ತರರ ಮಾತನ್ನು ನಾನು ಅರ್ಧ ಒಪ್ಪುತ್ತೇನೆ. ನೀವೇ ಬರೆದು ನೀವೇ ಮುದ್ರಿಸುವ ಕಾಗದಕ್ಕೆ ಲಿಬ್ರೆ ಆಫೀಸ್ ಪೂರ್ತಿ ಸಾಕು. ಆದರೆ ಕರಡು ವಕೀಲರ ಕಡೆಯಿಂದ ವರ್ಡ್ ಕಡತವಾಗಿ ಬಂದು, ನೀವು ತಿದ್ದಿ, ಅವರು ಮತ್ತೆ ತಿದ್ದಿ, ಹೀಗೆ ನಾಲ್ಕು ಸಲ ಹೋಗಿಬರುವಾಗ ಪುಟ ಒಡೆಯುವ ಜಾಗ, ಕೋಷ್ಟಕದ ಅಗಲ, ಪರಿಚ್ಛೇದದ ಸಂಖ್ಯೆಗಳು ಸರಿದಾಡುತ್ತವೆ. ಛಾಪಾ ಕಾಗದದ ಮೇಲೆ ಮುದ್ರಿಸುವವರಿಗೆ ಒಂದು ಸಾಲು ಕೆಳಗೆ ಸರಿದರೂ ನಷ್ಟ. ನಿಮ್ಮ ಕೆಲಸದಲ್ಲಿ ಇಂಥ ಓಡಾಟ ಎಷ್ಟಿದೆ ಎಂದು ಒಂದು ತಿಂಗಳು ನೋಡಿ, ಆಮೇಲೆ ಬೇಕಾದರೆ ಕೊಳ್ಳಿರಿ. ಮೊದಲೇ ಕೊಂಡರೆ ಹಣ ಹಿಂದಕ್ಕೆ ಬರುವುದಿಲ್ಲ.

ಇನ್ನು ಪರಿವರ್ತನೆಯ ವಿಷಯ. ಹನ್ನೊಂದು ವರ್ಷಗಳದ್ದನ್ನೆಲ್ಲ ಪರಿವರ್ತಿಸಬೇಡಿರಿ. ನೋಂದಣಿಯಾಗಿ ಮುಗಿದ ಪತ್ರದ ಒಂದು ಅಕ್ಷರವನ್ನೂ ನಾವು ಇನ್ನು ತಿದ್ದುವಂತಿಲ್ಲ, ಅದನ್ನು ಯೂನಿಕೋಡಿಗೆ ತಂದು ಆಗುವ ಲಾಭವೇನು? ಪದೇ ಪದೇ ಬಳಸುವ ಮಾದರಿ ಕರಡುಗಳು ನಿಮ್ಮಲ್ಲಿ ಮೂವತ್ತೋ ನಲವತ್ತೋ ಇರಬಹುದು, ಅವನ್ನಷ್ಟೇ ತೆಗೆದುಕೊಳ್ಳಿರಿ. ಪರಿವರ್ತಕ ತಂತ್ರಾಂಶಗಳು ಉಚಿತವಾಗಿಯೇ ಸಿಗುತ್ತವೆ, ಆದರೆ ಕಣ್ಣು ಮುಚ್ಚಿ ನಂಬುವಂತಿಲ್ಲ. ಆಸ್ಕಿಯಲ್ಲಿ ಅರ್ಕಾವೊತ್ತು ಕಣ್ಣಿಗೆ ಕಾಣುವ ಹಾಗೆ ವ್ಯಂಜನದ ನಂತರ ಕೂಡುತ್ತದೆ; ಯೂನಿಕೋಡ್‌ನಲ್ಲಿ ಉಚ್ಚಾರದಂತೆ ರಕಾರ ಮೊದಲು ಬರಬೇಕು. ಪರಿವರ್ತಕ ಈ ಸ್ಥಾನಪಲ್ಲಟವನ್ನು ಸರಿಯಾಗಿ ಮಾಡದಿದ್ದರೆ 'ಅರ್ಜಿದಾರ', 'ಪೂರ್ವಕ್ಕೆ' ಎಂಬ ಪದಗಳೇ ಕೆಡುತ್ತವೆ, ಮತ್ತು ಆಸ್ತಿಯ ನಾಲ್ಕು ದಿಕ್ಕಿನ ಗಡಿ, ಅಂದರೆ ಚಕಬಂದಿ, ಬರೆಯುವಲ್ಲಿ 'ಪೂರ್ವಕ್ಕೆ' ಕೆಟ್ಟರೆ ಏನಾಗುತ್ತದೆಂದು ನಿಮಗೆ ನಾನು ಹೇಳಬೇಕಾಗಿಲ್ಲ. ಕನ್ನಡದ ನಡುವೆ ಇಂಗ್ಲಿಷ್ ಅಕ್ಷರಗಳಲ್ಲಿ ಬಂದ ಪ್ಯಾನ್ ಸಂಖ್ಯೆ, ಪ್ಲಾಟ್ ಸಂಖ್ಯೆಗಳನ್ನು ಪರಿವರ್ತಕ ಕನ್ನಡವೆಂದೇ ತಿಳಿದು ಅರ್ಥವಿಲ್ಲದ ಅಕ್ಷರ ಮಾಡಿಬಿಡುವುದೂ ಉಂಟು.

ಒಂದು ಎಚ್ಚರಿಕೆ. ಪೇಜ್‌ಮೇಕರ್ ಎಂಬ ಹಳೆಯ ಪುಟ ವಿನ್ಯಾಸದ ತಂತ್ರಾಂಶ ಬಳಸುವ ಮುದ್ರಣಾಲಯಗಳು ಇನ್ನೂ ಇವೆ. ಅದರ ಕೊನೆಯ ಆವೃತ್ತಿ ಬಂದದ್ದು 2001ರಲ್ಲಿ, ಯೂನಿಕೋಡ್ ಕನ್ನಡ ಅದರಲ್ಲಿ ನಿಲ್ಲುವುದಿಲ್ಲ. ಮದುವೆ ಪತ್ರಿಕೆಯನ್ನೋ ಕರಪತ್ರವನ್ನೋ ಅಂಥವರಿಗೆ ಕಳಿಸುವಾಗ ಅವರು ಆಸ್ಕಿಯನ್ನೇ ಕೇಳುತ್ತಾರೆ. ಅಷ್ಟಕ್ಕಾಗಿ ನುಡಿಯ ಹಳೆಯ ಫಾಂಟ್‌ಗಳನ್ನು ಯಂತ್ರದಲ್ಲಿ ಉಳಿಸಿಕೊಳ್ಳಿರಿ.

ಹುಮನಾಬಾದಿನ ಓದುಗ, ಬೀದರ್ ಜಿಲ್ಲೆ

ಚರ್ಚೆ ಕನ್ನಡಕ್ಕೇ ನಿಂತಿರುವುದರಿಂದ ಒಂದು ಮಾತು ಸೇರಿಸುತ್ತೇನೆ. ನಮ್ಮ ಮೂರೂ ಜಿಲ್ಲೆಗಳು ಹೈದರಾಬಾದ್ ಸಂಸ್ಥಾನದಲ್ಲಿ ಇದ್ದವು, ಹಳೆಯ ಜಮೀನು ಕಾಗದಗಳು ಉರ್ದುವಿನಲ್ಲಿವೆ, ಗಡಿಯ ಹಳ್ಳಿಗಳಿಂದ ಮರಾಠಿ ಕಾಗದಗಳೂ ಬರುತ್ತವೆ. ಪತ್ರದೊಳಗೆ ಮೂಲದ ನಾಲ್ಕು ಸಾಲು ಉರ್ದುವನ್ನು ಹಾಗೆಯೇ ಕೊಡಬೇಕಾದ ಸಂದರ್ಭ ನಮಗೆ ಆಗಾಗ ಬರುತ್ತದೆ. ವಿಂಡೋಸಿನ ಭಾಷಾ ಪಟ್ಟಿಯಿಂದ ಉರ್ದು ಮತ್ತು ಮರಾಠಿ ಕೀಲಿಮಣೆಗಳನ್ನು ಈಗಲೇ ಸೇರಿಸಿಡಿರಿ. ನಸ್ತಾಲೀಕ್ ಎಂಬ ಓರೆ ಶೈಲಿಯ ಉರ್ದು ಬರವಣಿಗೆ ಓದುವ ಹಿರಿಯರಿಗೆ ಸಾಮಾನ್ಯ ಅರಬ್ಬಿ ಫಾಂಟ್ ಒಗ್ಗುವುದಿಲ್ಲ, ಅದಕ್ಕೆ ನೋಟೋ ನಸ್ತಾಲೀಕ್ ಉರ್ದು ಎಂಬ ಉಚಿತ ಫಾಂಟ್ ಹಾಕಿರಿ. ಇನ್‌ಪೇಜ್‌ನ ಹಳೆಯ ಆವೃತ್ತಿಗಳಲ್ಲಿ ಮಾಡಿದ ಉರ್ದು ಕಡತಗಳಿಗೂ ನಮ್ಮ ಆಸ್ಕಿ ಕನ್ನಡದ ಗತಿಯೇ ಆಗಿದೆ, ಅವನ್ನು ಕೊಟ್ಟವರಿಂದ ಪಿಡಿಎಫ್ ಕೇಳಿ ಪಡೆಯುವುದು ಸುಲಭ.

ಯೂನಿಕೋಡಿಗೆ ಬಂದ ಮೇಲೆ ಒಂದೇ ಪುಟದಲ್ಲಿ ಕನ್ನಡ, ಉರ್ದು, ಮರಾಠಿ ಮೂರೂ ಒಟ್ಟಿಗೆ ನಿಂತು ಒಂದೇ ಕಡತವಾಗಿ ಉಳಿಯುತ್ತವೆ. ಬೀದರಿನಂಥ ಊರಿನಲ್ಲಿ ಇದಕ್ಕಿಂತ ದೊಡ್ಡ ಸಂತೋಷ ನನಗಿಲ್ಲ.

ಲೆಕ್ಕಪತ್ರ, ಬೀದರ್

ಸ್ಕ್ಯಾನ್ ಮತ್ತು ಪಿಡಿಎಫ್ ಬಗ್ಗೆ ಇನ್ನೂ ಯಾರೂ ಹೇಳಿಲ್ಲ. ನ್ಯಾಯಾಲಯದ ಇ-ಫೈಲಿಂಗ್ ಆಗಲಿ, ತೆರಿಗೆ ಪೋರ್ಟಲ್ ಆಗಲಿ, ಕೊನೆಗೆ ಎಲ್ಲವೂ ಪಿಡಿಎಫ್ ಆಗಿಯೇ ಹೋಗಬೇಕು, ಅದೂ ಅವರು ಹೇಳಿದ ಗಾತ್ರದೊಳಗೆ. ಆಗ ಹೆಚ್ಚಿನವರು ಮಾಡುವುದೇನೆಂದರೆ, ಪಿಡಿಎಫ್ ಕುಗ್ಗಿಸಿಕೊಡುವ ಯಾವುದೋ ಜಾಲತಾಣಕ್ಕೆ ಗ್ರಾಹಕರ ಆಧಾರ್, ಪ್ಯಾನ್, ಬ್ಯಾಂಕ್ ಪುಸ್ತಕವನ್ನು ಏರಿಸುವುದು. ಆ ಕಡತ ಎಲ್ಲಿಗೆ ಹೋಯಿತು, ಯಾರ ಬಳಿ ಉಳಿಯಿತು ಎಂಬುದು ಏರಿಸಿದವರಿಗೂ ತಿಳಿಯದು, ಆಧಾರ್ ಕೊಟ್ಟ ರೈತನಿಗಂತೂ ಏರಿಸಿದ್ದೇ ತಿಳಿಯದು. ನನಗೆ ಇದು ಸಣ್ಣ ತಪ್ಪಾಗಿ ಕಾಣುವುದಿಲ್ಲ.

ಇದೇ ಕೆಲಸವನ್ನು ನಮ್ಮ ಯಂತ್ರದೊಳಗೇ ಮಾಡುವ ಉಚಿತ ತಂತ್ರಾಂಶಗಳಿವೆ. ಸ್ಕ್ಯಾನ್ ಮಾಡಲು ನ್ಯಾಪ್ಸ್2 ಹಾಕಿರಿ. ಪುಟಗಳನ್ನು ಹಿಂದೆ ಮುಂದೆ ಜೋಡಿಸಿ, ಸ್ಪಷ್ಟತೆಯನ್ನು ಇಳಿಸಿ ಗಾತ್ರವನ್ನೂ ತಗ್ಗಿಸಬಹುದು. ಟೆಸರಾಕ್ಟ್ ಎಂಬ ಅಕ್ಷರ ಗುರುತಿಸುವ ವ್ಯವಸ್ಥೆ ಅದರೊಳಗಿದ್ದು, ಕನ್ನಡವನ್ನು ಆರಿಸಿಕೊಂಡರೆ ಸ್ಕ್ಯಾನ್ ಮಾಡಿದ ಪುಟದಲ್ಲೂ ಪದ ಹುಡುಕಲು ಬರುತ್ತದೆ. ಅಚ್ಚಾದ ಕನ್ನಡವನ್ನು ಅದು ಬಹುಪಾಲು ಹಿಡಿಯುತ್ತದೆ, ಕೈಬರಹವನ್ನು ಅಲ್ಲ. ಪಿಡಿಎಫ್‌ಗಳನ್ನು ಕೂಡಿಸಲು, ಬಿಡಿಸಲು ಪಿಡಿಎಫ್‌ಸ್ಯಾಮ್ ಬೇಸಿಕ್, ಓದಲು ಸುಮಾತ್ರಾ ಪಿಡಿಎಫ್, ಜಿಪ್ ಬಿಚ್ಚಲು 7-ಜಿಪ್. ಇವೆಲ್ಲವೂ ಹಗುರ.

ಯಂತ್ರ ದುರಸ್ತಿ, ಯಾದಗಿರಿ

ದೂರದಿಂದ ಯಂತ್ರ ನೋಡುವ ಎನಿಡೆಸ್ಕ್‌ನಂಥ ತಂತ್ರಾಂಶವನ್ನು ಕಾಯಂ ಆಗಿ ಇಡಬೇಡಿರಿ. ಬೇಕಾದ ದಿನ ಹಾಕಿ, ಕೆಲಸ ಮುಗಿದೊಡನೆ ತೆಗೆಯಿರಿ. ಬ್ಯಾಂಕಿನವರೆಂದು ಕರೆ ಮಾಡಿ ಅದನ್ನು ಹಾಕಲು ಹೇಳುವವರು ವಂಚಕರೇ. ಹಣ ಹೋಯಿತೆಂದು ತಿಳಿದ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು, ತಡವಾದಷ್ಟೂ ಹಣ ಸಿಗುವ ಆಸೆ ಕಡಿಮೆಯಾಗುತ್ತದೆ.

ಈಗ ಬ್ಯಾಕಪ್. ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಕಚೇರಿಯ ಹೊರಗೆ, ಇದು ಜಗತ್ತೆಲ್ಲ ಒಪ್ಪಿದ ಕ್ರಮ. ನಿಮ್ಮಂಥವರಿಗೆ ಅದು ಕಷ್ಟವೇನಲ್ಲ, ಬರಹದ ಕಡತಗಳು ಬಹಳ ಚಿಕ್ಕವು. ಯಂತ್ರದಲ್ಲಿರುವುದು ಒಂದು. ವಿಂಡೋಸಿನ 'ಫೈಲ್ ಹಿಸ್ಟರಿ' ಮೂಲಕ ಹೊರಗಿನ ಹಾರ್ಡ್ ಡಿಸ್ಕ್‌ಗೆ ಹೋಗುವುದು ಎರಡು. ವಾರಕ್ಕೊಮ್ಮೆ ಇನ್ನೊಂದು ಡಿಸ್ಕ್‌ಗೆ ನಕಲು ಮಾಡಿ ಮನೆಗೆ ಒಯ್ಯುವುದು ಮೂರು. ಹೊರಗಿನ ಡಿಸ್ಕನ್ನು ಸದಾ ಚುಚ್ಚಿಯೇ ಇಡಬೇಡಿರಿ, ಕಡತಗಳಿಗೆ ಬೀಗ ಜಡಿದು ಹಣ ಕೇಳುವ ರ‍್ಯಾನ್ಸಮ್‌ವೇರ್ ಬಂದರೆ ಚುಚ್ಚಿರುವ ಡಿಸ್ಕನ್ನೂ ಬಿಡುವುದಿಲ್ಲ. ತಿಂಗಳಿಗೊಮ್ಮೆ ಬ್ಯಾಕಪ್‌ನಿಂದ ಒಂದು ಕಡತ ತೆಗೆದು ತೆರೆದು ನೋಡಿರಿ. ಎರಡು ವರ್ಷ ನಿಷ್ಠೆಯಿಂದ ಬ್ಯಾಕಪ್ ಮಾಡಿದ ಒಬ್ಬರ ಡಿಸ್ಕ್‌ನಲ್ಲಿ ಶಾರ್ಟ್‌ಕಟ್‌ಗಳಷ್ಟೇ ನಕಲಾಗಿದ್ದುದನ್ನು ನಾನೇ ಕಂಡಿದ್ದೇನೆ. ಅವರು ನನ್ನ ಮುಂದೆ ಕುಳಿತು ಅತ್ತರು.

ತಂತ್ರಾಂಶದ ಮಾತಲ್ಲದಿದ್ದರೂ ಹೇಳಿಬಿಡುತ್ತೇನೆ, ನಮ್ಮ ಬೇಸಿಗೆಯ ವಿದ್ಯುತ್ತಿಗೆ ಯುಪಿಎಸ್ ಇಲ್ಲದೆ ಈ ಯಂತ್ರವನ್ನು ಹಚ್ಚಬೇಡಿರಿ.

ತೊಗರಿನಾಡಿನ ಪತ್ರ ಬರಹಗಾರ, ಕಲಬುರಗಿ

ಎಲ್ಲರೂ ಹೇಳಿದ್ದನ್ನು ಎರಡು ವಾರ ಮಾಡಿ ನೋಡಿ ಬರೆಯುತ್ತಿದ್ದೇನೆ. ರಿಕವರಿ ಕೀ ಮುದ್ರಿಸಿ ಮನೆಯ ಕಪಾಟಿನಲ್ಲಿದೆ. ಸಹಾಯಕರಿಗೆ ಸಾಮಾನ್ಯ ಖಾತೆ ಕೊಟ್ಟಿದ್ದೇನೆ. ನುಡಿಯನ್ನು ಯೂನಿಕೋಡ್‌ನಲ್ಲಿ ಬಳಸುತ್ತಿದ್ದೇನೆ, ಬೆರಳಿಗೆ ಯಾವ ವ್ಯತ್ಯಾಸವೂ ತಿಳಿಯಲಿಲ್ಲ. ಲಿಬ್ರೆ ಆಫೀಸ್ ಸದ್ಯಕ್ಕೆ ಸಾಕಾಗಿದೆ. ಒಬ್ಬ ವಕೀಲರ ಕರಡಿನಲ್ಲಿ ಮಾತ್ರ ಕೋಷ್ಟಕ ಸರಿಯಿತು, ಅವರೊಂದಿಗೆ ಮಾತಾಡಿ ಕೊನೆಯ ಪ್ರತಿಯನ್ನು ಅವರಲ್ಲಿಯೇ ಮುದ್ರಿಸುವುದೆಂದು ಒಪ್ಪಿಕೊಂಡೆವು.

ಮಾದರಿ ಕರಡುಗಳು ಎಣಿಸಿದಾಗ 34 ಆದವು. ಎಲ್ಲವನ್ನೂ ಪರಿವರ್ತಿಸಿ, ಹಳೆಯದನ್ನು ಕಾಗದಕ್ಕೆ ಮುದ್ರಿಸಿ, ನಾನು ಓದುತ್ತ ಹೋದಂತೆ ಮಗಳು ಪರದೆಯ ಮೇಲೆ ಹೋಲಿಸಿ ನೋಡಿದಳು. ಅರ್ಕಾವೊತ್ತು ಬಹುತೇಕ ಸರಿಯಾಗಿಯೇ ಬಂದಿತ್ತು. ಮುದ್ರಣ ಮನೆಯವರು ಹೇಳಿದಂತೆ ಪ್ಲಾಟ್ ಸಂಖ್ಯೆಗಳು ಕೆಟ್ಟಿದ್ದವು, ತಿದ್ದಿದೆವು. ಒಂದು ಮಾತ್ರ ಬಗೆಹರಿಯುತ್ತಿಲ್ಲ. 'ರ‍್ಯಾಲಿ' ಎಂದು ಇರಬೇಕಾದಲ್ಲಿ 'ರ್ಯಾಲಿ' ಎಂದು ಬರುತ್ತಿದೆ, ಎಷ್ಟು ಸಲ ಅಳಿಸಿ ಬರೆದರೂ ಅರ್ಕಾವೊತ್ತಾಗಿಯೇ ನಿಲ್ಲುತ್ತದೆ.

ಮುದ್ರಣ ಮನೆ, ಕಲಬುರಗಿ

ಅದು ಪರಿವರ್ತಕದ ತಪ್ಪಲ್ಲ. ಯೂನಿಕೋಡ್‌ನಲ್ಲಿ ರಕಾರ, ವಿರಾಮ (ಅಕ್ಷರದ ಸ್ವರ ತೆಗೆಯುವ ಚಿಹ್ನೆ), ಯಕಾರ ಒಂದರ ಹಿಂದೆ ಒಂದು ಬಂದರೆ ಅದು ತಾನಾಗಿ ಅರ್ಕಾವೊತ್ತಾಗುತ್ತದೆ, 'ಸೂರ್ಯ'ನಿಗೆ ಅದೇ ಬೇಕು. 'ರ‍್ಯಾಲಿ'ಯಲ್ಲಿ ರಕಾರವೇ ಪೂರ್ತಿಯಾಗಿ ನಿಲ್ಲಬೇಕಾದರೆ ರಕಾರಕ್ಕೂ ವಿರಾಮಕ್ಕೂ ನಡುವೆ ಕಣ್ಣಿಗೆ ಕಾಣದ 'ಶೂನ್ಯ ಅಗಲದ ಜೋಡಕ' ಎಂಬ ಸಂಕೇತವನ್ನು ಇಡಬೇಕು. ಸರಿಯಾಗಿ ಬರೆದ ಇಂಥದೊಂದು ಪದ ಎಲ್ಲಿಯಾದರೂ ಸಿಕ್ಕರೆ ನಕಲು ಮಾಡಿಟ್ಟುಕೊಂಡು, ಲಿಬ್ರೆ ಆಫೀಸ್‌ನ ಆಟೋ ಕರೆಕ್ಟ್ ಪಟ್ಟಿಯಲ್ಲಿ ತಪ್ಪು ರೂಪದ ಎದುರಿಗೆ ಸೇರಿಸಿಬಿಡಿರಿ, ಮುಂದೆ ತಾನಾಗಿಯೇ ತಿದ್ದಿಕೊಳ್ಳುತ್ತದೆ. ಈ ಸಂದೇಶದಲ್ಲಿರುವ ಪದವನ್ನೇ ನಕಲು ಮಾಡಿಕೊಳ್ಳಬಹುದು.

ಹಳೆಯ ಯಂತ್ರವನ್ನು ಇನ್ನೂ ಕೊಟ್ಟಿಲ್ಲವಾದರೆ ಅದರಲ್ಲಿ ಫಾಂಟ್‌ಗಳು ಸರಿಯಾಗಿರುವಾಗಲೇ, ಹನ್ನೊಂದು ವರ್ಷಗಳ ಉಳಿದ ಪತ್ರಗಳನ್ನೆಲ್ಲ ಅಲ್ಲಿಂದಲೇ ಪಿಡಿಎಫ್ ಮಾಡಿಕೊಳ್ಳಿರಿ. ಪಿಡಿಎಫ್‌ನೊಳಗೆ ಫಾಂಟ್ ಸೇರಿಕೊಂಡಿರುವುದರಿಂದ ಯಾವ ಯಂತ್ರದಲ್ಲಿ ತೆರೆದರೂ ಅಂದು ಮುದ್ರಿಸಿದ ಹಾಗೆಯೇ ಕಾಣುತ್ತದೆ. ಕಡತದ ಹೆಸರಿನಲ್ಲಿ ವರ್ಷ, ಗ್ರಾಮ, ಸರ್ವೆ ಸಂಖ್ಯೆಯನ್ನು ಯೂನಿಕೋಡ್ ಕನ್ನಡದಲ್ಲಿ ಬರೆದಿಡಿರಿ. ಒಳಗಿನ ಅಕ್ಷರ ಆಸ್ಕಿಯದೇ ಆಗಿದ್ದರೂ 'ಅಫಜಲಪುರ' ಎಂದು ಹುಡುಕಿದಾಗ ಹೆಸರಿನಿಂದಲೇ ಸಿಗುತ್ತದೆ.

ತೊಗರಿನಾಡಿನ ಪತ್ರ ಬರಹಗಾರ, ಕಲಬುರಗಿ

ಹಳೆಯ ಯಂತ್ರ ಇನ್ನೂ ಇದೆ. ಆಟೋ ಕರೆಕ್ಟ್‌ನಲ್ಲಿ ಸೇರಿಸಿದೆ, 'ರ‍್ಯಾಲಿ' ಸರಿಯಾಗಿ ನಿಂತಿತು. ನಾಳೆ ಭಾನುವಾರ ಕಚೇರಿಗೆ ರಜೆ, 2014ರ ಫೋಲ್ಡರ್‌ನಿಂದ ಪಿಡಿಎಫ್ ಮಾಡಲು ಕೂಡುತ್ತೇನೆ.